ಹೆಸರು ಉಳಿಯದ ಹಿರೀಕರ ಋಣ

ಭಾದ್ರಪದದ ಕೃಷ್ಣಪಕ್ಷ ರಾವಂದೂರು ಸೀಮೆಯವರಿಗೆ ಬಿಡುವಿನ ಕಾಲವಲ್ಲ. ಪಿರಿಯಾಪಟ್ಟಣ, ಹುಣಸೂರು ಕಡೆಯ ಹೊಲಗಳಲ್ಲಿ ಹೊಗೆಸೊಪ್ಪು ಮುರಿದು, ಕಡ್ಡಿಗೆ ಕಟ್ಟಿ, ಸೊಪ್ಪು ಹದಮಾಡುವ ಬ್ಯಾರನ್‌ಗೆ ಏರಿಸಿ, ರಾತ್ರಿಯೆಲ್ಲ ಎದ್ದು ಬೆಂಕಿ ನೋಡಿಕೊಳ್ಳುವ ದಿನಗಳವು. ಆ ಗಡಿಬಿಡಿಯಲ್ಲೇ ಮನೆ ತೊಳೆದು, ಹೊಸಬಟ್ಟೆ ತಂದು, ಸತ್ತವರಿಗೆ ಇಷ್ಟವಾಗಿದ್ದ ಅಡುಗೆ ಮಾಡಿ ಎಡೆ ಇಡುತ್ತಾರೆ. ಮಾಂಸ ತಿನ್ನುತ್ತಿದ್ದವರಿಗೆ ಮಾಂಸ, ಬೀಡಿ ಸೇದುತ್ತಿದ್ದವರಿಗೆ ಬೀಡಿ. ಧೂಪ ಹಾಕಿ, ಬಾಗಿಲು ಮುಂದಕ್ಕೆ ಎಳೆದು, ಬಂದವರು ಉಂಡು ಹೋಗಲಿ ಎಂದು ಸ್ವಲ್ಪ ಹೊತ್ತು ಹೊರಗೆ ನಿಲ್ಲುತ್ತಾರೆ. ಅಪ್ಪ, ಅವ್ವ, ತಾತ, ಅಜ್ಜಿ ಇವರಿಗೆ ಹೆಸರು ಹಿಡಿದು ಎಡೆ. ಮುತ್ತಾತನ ಹೆಸರು ಯಾರೋ ಮೊಮ್ಮಗನಿಗೆ ಇಟ್ಟ ಪುಣ್ಯಕ್ಕೆ ಉಳಿದಿರಬಹುದು. ಅದರಾಚೆಗೆ ಇರುವವರೆಲ್ಲ ಬರೀ ಹಿರೀಕರು. ಅವರು ಎಷ್ಟು ಮಂದಿ, ಎಲ್ಲಿಂದ ಬಂದವರು, ಹೇಗೆ ಸತ್ತರು ಎಂಬುದು ಎಡೆ ಇಡುವವರಿಗೆ ಗೊತ್ತಿರುವುದಿಲ್ಲ, ಗೊತ್ತಿಲ್ಲವೆಂಬ ಕೊರಗೂ ಇರುವುದಿಲ್ಲ. ಈ ನಿಶ್ಚಿಂತೆಯನ್ನು ಮರೆವು ಎಂದು ತಿಳಿಯಬೇಕೇ, ಇಲ್ಲ ಅದರಲ್ಲಿ ಒಂದು ತಿಳಿವಳಿಕೆ ಇದೆಯೇ? ಹಿರಿಯರ ಋಣವನ್ನು ಒಪ್ಪಿಕೊಳ್ಳಲು ಅವರ ಹೆಸರು ಬೇಡ, ಅವರು ನಮ್ಮ ರಕ್ತದವರೇ ಆಗಿರಬೇಕೆಂದೂ ಇಲ್ಲ, ನಮ್ಮ ಕೈಗೆ ಬಂದಿರುವುದನ್ನು ಯಾರು ಮಾಡಿಟ್ಟರು ಎಂಬುದೇ ಆ ಋಣದ ಅಳತೆ ಎಂಬುದು ನನ್ನ ವಾದ. ಎಡೆಯ ಆಚರಣೆಗೆ ಇದು ಅರ್ಧ ಗೊತ್ತಿದೆ. ಉಳಿದರ್ಧವನ್ನು ನಾವು ಯೋಚಿಸಿ ಒಪ್ಪಿಕೊಳ್ಳಬೇಕಾಗಿದೆ.

ಶಾಸ್ತ್ರ ಏನು ಹೇಳುತ್ತದೆಂದು ಮೊದಲು ನೋಡೋಣ, ಯಾಕೆಂದರೆ ವಂಶದ ಹೆಮ್ಮೆಯವರು ಶಾಸ್ತ್ರ ತಮ್ಮ ಕಡೆಗಿದೆ ಎಂದೇ ನಂಬಿದ್ದಾರೆ. ಹುಟ್ಟಿದ ಬ್ರಾಹ್ಮಣನ ಮೇಲೆ ಮೂರು ಋಣಗಳಿರುತ್ತವೆ ಎನ್ನುವುದು ತೈತ್ತಿರೀಯ ಸಂಹಿತೆ: ಋಷಿಗಳದು ಬ್ರಹ್ಮಚರ್ಯದಿಂದ, ದೇವತೆಗಳದು ಯಜ್ಞದಿಂದ, ಪಿತೃಗಳದು ಸಂತಾನದಿಂದ ತೀರುತ್ತದೆ. ಶತಪಥ ಬ್ರಾಹ್ಮಣ ಅದನ್ನು ಎರಡು ಕಡೆ ಹಿಗ್ಗಿಸುತ್ತದೆ. ಋಣ ಬ್ರಾಹ್ಮಣನಿಗೆ ಮಾತ್ರವಲ್ಲ, ಇರುವವರೆಲ್ಲರಿಗೂ ಇದೆ. ಮತ್ತು ನಾಲ್ಕನೆಯದಾಗಿ ಮನುಷ್ಯರ ಋಣವೂ ಇದೆ, ಬಂದವರಿಗೆ ಇರಲು ಜಾಗ, ಉಣ್ಣಲು ಅನ್ನ ಕೊಟ್ಟು ಅದನ್ನು ತೀರಿಸಬೇಕು. ಇನ್ನು ಶ್ರಾದ್ಧದ ಲೆಕ್ಕ. ಪಿಂಡ ಸಲ್ಲುವುದು ತಂದೆ, ತಾತ, ಮುತ್ತಾತ ಈ ಮೂವರಿಗೆ. ಕೊಡುವವನು ನಾಲ್ಕನೆಯವನು, ಐದನೆಯವನಿಗೆ ಇದರಲ್ಲಿ ಪಾಲಿಲ್ಲ ಎಂದು ಮನುಸ್ಮೃತಿ ಖಂಡಿತವಾಗಿ ಹೇಳುತ್ತದೆ. ಹೊಸದಾಗಿ ಸತ್ತವನನ್ನು ಸಪಿಂಡೀಕರಣದಲ್ಲಿ ಹಿಂದಿನವರ ಜೊತೆ ಸೇರಿಸಿದಾಗ ಆ ಸಾಲಿನ ತುದಿಯಲ್ಲಿದ್ದ ಹಿರಿಯ ಪಿಂಡದ ಹಕ್ಕಿನಿಂದ ಜಾರುತ್ತಾನೆ. ಕೈಗೆ ಅಂಟಿದ ಅನ್ನದ ಶೇಷ ಮಾತ್ರ ಅವನ ಪಾಲು. ಅಂದರೆ ಹೆಸರು ಕಳಚಿಹೋಗುವುದು ಆಚರಣೆಯಲ್ಲಿ ನುಸುಳಿದ ಲೋಪವಲ್ಲ, ಅದು ಆಚರಣೆಯೇ ಕಟ್ಟಿಕೊಂಡ ವ್ಯವಸ್ಥೆ. ಅದರ ಜೊತೆಗೇ ತರ್ಪಣದ ಕೊನೆಯಲ್ಲಿ ಬಟ್ಟೆ ಹಿಂಡಿ ಬಿಡುವ ನೀರು ಕುಲದಲ್ಲಿ ಮಕ್ಕಳಿಲ್ಲದೆ ಸತ್ತವರಿಗೆ. ಇದೇ ಕೃಷ್ಣಪಕ್ಷದ ಮಹಾಲಯದಲ್ಲಿ ಸೋದರಮಾವ, ಅತ್ತೆ, ಗೆಳೆಯ, ಗುರು ಎಲ್ಲರಿಗೂ ಜಾಗವಿದೆ. ಸತ್ತ ತಿಥಿ ತಿಳಿಯದವರಿಗೆಂದೇ ಅಮಾವಾಸ್ಯೆ ಇದೆ. ವಂಶಾವಳಿಯನ್ನು ಕಾಪಾಡಿಕೊಳ್ಳುವುದೊಂದೇ ಗುರಿಯಾಗಿದ್ದ ಶಾಸ್ತ್ರ ಇಷ್ಟೊಂದು ಬಾಗಿಲುಗಳನ್ನು ತೆರೆದಿಡುತ್ತಿರಲಿಲ್ಲ.

ಹೆಸರನ್ನು ಕಾಪಾಡಿಕೊಂಡ ಸಮಾಜಗಳೂ ಇವೆ. ಸ್ಕಾಟ್ಲೆಂಡಿನ ಉದಾಹರಣೆ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಅಲ್ಲಿನ ಪರ್ತ್‌ಶೈರಿನ ಎರಲ್ ಎಂಬ ಊರಿನ ಚರ್ಚಿನ ದಾಖಲೆ 1553ರಿಂದ ಸಿಗುತ್ತದೆ. 1855ರಿಂದ ಸರ್ಕಾರವೇ ಹುಟ್ಟು, ಮದುವೆ, ಸಾವುಗಳನ್ನು ಬರೆದಿಡಲು ತೊಡಗಿತು. ಸತ್ತವರ ದಾಖಲೆಯಲ್ಲಿ ತಂದೆಯ ಹೆಸರಷ್ಟೇ ಅಲ್ಲ, ತಾಯಿ ತವರಿನಲ್ಲಿ ಹೊತ್ತಿದ್ದ ಮನೆತನದ ಹೆಸರೂ ಇರುತ್ತದೆ. ಒಬ್ಬ ಕೂಲಿಯವನ ಮರಿಮಗಳು ಕೂಡ ತನ್ನ ಹಿಂದಿನ ಐದಾರು ತಲೆಯನ್ನು ಹೆಸರು ಹಿಡಿದು ಹೇಳಬಲ್ಲಳು. ಆದರೆ ಅದೇ ದೇಶ 1560ರ ಮತಸುಧಾರಣೆಯಲ್ಲಿ ಸತ್ತವರಿಗಾಗಿ ಪ್ರಾರ್ಥಿಸುವುದನ್ನು ನಿಲ್ಲಿಸಿತು. 1646ರ ವೆಸ್ಟ್‌ಮಿನ್‌ಸ್ಟರ್ ನಂಬಿಕೆಯ ನಿರೂಪಣೆ ಅದನ್ನು ನೇರವಾಗಿಯೇ ನಿಷೇಧಿಸಿತು. ಸತ್ತವರ ಗತಿ ದೇವರ ಕೈಯಲ್ಲಿ ತೀರ್ಮಾನವಾಗಿದೆ, ಬದುಕಿರುವವರು ಅವರಿಗೆ ಕೊಡಬಲ್ಲದ್ದೇನೂ ಇಲ್ಲ ಎಂಬುದು ಅದರ ತರ್ಕ. ಅವರಲ್ಲಿ ಹೆಸರುಂಟು, ಎಡೆಯಿಲ್ಲ. ನಮ್ಮಲ್ಲಿ ಎಡೆಯುಂಟು, ಹೆಸರಿಲ್ಲ. ಇವೆರಡೂ ಬೇರೆ ಬೇರೆಯಾಗಿ ಬದುಕಬಲ್ಲವು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ವಂಶದ ಚರಿತ್ರೆ ತಿಳಿಯುವುದು ಒಂದು ಕೆಲಸ, ಹಿರಿಯರಿಗೆ ಸಲ್ಲಬೇಕಾದದ್ದನ್ನು ಸಲ್ಲಿಸುವುದು ಇನ್ನೊಂದು. ಮೊದಲನೆಯದನ್ನು ಮಾಡಿದ್ದರಿಂದ ಎರಡನೆಯದು ಆಯಿತು ಎಂದುಕೊಳ್ಳುವ ಭ್ರಮೆ ಈಚೆಗೆ ನಮ್ಮ ಪಟ್ಟಣದ ಮನೆಗಳಲ್ಲೂ ಕಾಣುತ್ತಿದೆ. ವಂಶವೃಕ್ಷವನ್ನು ಬಣ್ಣದಲ್ಲಿ ಅಚ್ಚು ಹಾಕಿಸಿ ಗೋಡೆಗೆ ತೂಗುಹಾಕುವವರು ಹಳ್ಳಿಯ ಮನೆಯ ಸೂರು ಸೋರುವುದನ್ನು ನೋಡಲು ಹೋಗುವುದಿಲ್ಲ.

ನಮ್ಮ ಕಡೆ ಹೆಸರುಗಳು ಏಕೆ ಉಳಿಯಲಿಲ್ಲ ಎಂಬುದಕ್ಕೆ ಕಾರಣ ಅಲಕ್ಷ್ಯವೊಂದೇ ಅಲ್ಲ. ಮೈಸೂರು ಸಂಸ್ಥಾನದಲ್ಲಿ 1871ರ ಜನಗಣತಿಯಲ್ಲಿ 50 ಲಕ್ಷ ದಾಟಿದ್ದ ಜನ 1881ರ ಹೊತ್ತಿಗೆ ಸುಮಾರು 42 ಲಕ್ಷಕ್ಕೆ ಇಳಿದಿದ್ದರು. ನಡುವೆ 1876ರಿಂದ 1878ರವರೆಗಿನ ಮಹಾಕ್ಷಾಮ ಇತ್ತು. 1898ರಲ್ಲಿ ಪ್ಲೇಗು ಬಂತು. ಅಂಥ ಕಾಲದಲ್ಲಿ ವಂಶಗಳು ನಡುವೆಯೇ ತುಂಡಾಗುತ್ತವೆ. ಉಳಿದ ಮಗುವನ್ನು ಅತ್ತೆಯೋ ನೆರೆಯವರೋ ಸಾಕುತ್ತಾರೆ, ಗಂಡಸರಿಲ್ಲದ ಮನೆಗೆ ಅಳಿಯ ಬಂದು ನಿಲ್ಲುತ್ತಾನೆ, ಪಾಳುಬಿದ್ದ ಹೊಲವನ್ನು ಬೇರೆ ಊರಿನವರು ಬಂದು ಹಸನು ಮಾಡುತ್ತಾರೆ. ಇಂದು ನೆಟ್ಟಗೆ ಕಾಣುವ ವಂಶದ ಗೆರೆ ಎಷ್ಟೋ ಕಡೆ ಹೀಗೆ ಹೊಲಿದು ಕೂಡಿಸಿದ್ದು. ಎತ್ತಿನ ಮೇಲೆ ಗಂಟೆ ಬಾರಿಸುತ್ತ ಬಂದು ಮನೆತನದ ಪೀಳಿಗೆ ಹೇಳುವ ಹೆಳವರು ಕರ್ನಾಟಕದಲ್ಲಿ ಇದ್ದರು, ಈಗಲೂ ಅಲ್ಲಲ್ಲಿ ಇದ್ದಾರೆ. ಅವರ ನೆನಪಿನ ಶಕ್ತಿ ದೊಡ್ಡದು. ಆದರೆ ಅದು ಕಾಳು ಕೊಡುವ ಮನೆಗಳ ನೆನಪು, ಮತ್ತು ಹೆಚ್ಚಾಗಿ ಗಂಡುಮಕ್ಕಳ ಸಾಲಿನ ನೆನಪು. ಅದೇ ಮನೆಯ ಹೊಲದಲ್ಲಿ ಕಳೆ ಕಿತ್ತವರು ಅದರೊಳಗೆ ಬರುವುದಿಲ್ಲ.

ಹಾಗಾದರೆ ನಮ್ಮ ಹಿಂದಿನವರು ಎಲ್ಲಿ ಉಳಿದಿದ್ದಾರೆ? ಈ ಸೀಮೆಯ ಯಾವ ಹಳ್ಳಿಗೆ ಹೋದರೂ ಉತ್ತರ ಕಣ್ಣಿಗೆ ಬೀಳುತ್ತದೆ. ಕೆರೆಯ ಏರಿಯಲ್ಲಿ, ಹೊಲದ ಬದುವಿನಲ್ಲಿ, ಬಾವಿಯ ಕಲ್ಲುಕಟ್ಟಡದಲ್ಲಿ, ಊರಮುಂದೆ ಅರ್ಧ ಹೂತುಹೋದ ವೀರಗಲ್ಲಿನಲ್ಲಿ, ಸತ್ತ ಹೆಂಡತಿಯ ಬಳೆಗೈಯನ್ನು ಮಾತ್ರ ತೋರಿಸುವ ಮಾಸ್ತಿಕಲ್ಲಿನಲ್ಲಿ ಅವರಿದ್ದಾರೆ. ಪಿರಿಯಾಪಟ್ಟಣವನ್ನು ಆಳಿದ ಚಂಗಾಳ್ವರ ಹೆಸರು ಶಾಸನಗಳಲ್ಲಿ ಉಳಿದಿದೆ. ಹುಣಸೂರು ಸೀಮೆಯ ಶಾಸನಗಳನ್ನು ಬಿ.ಎಲ್. ರೈಸ್ 1898ರಷ್ಟು ಹಿಂದೆಯೇ ಅಚ್ಚು ಮಾಡಿಸಿದರು. ಚಂಗಾಳ್ವರು ಪೂಜಿಸುತ್ತಿದ್ದ ಮಲ್ಲಿಕಾರ್ಜುನನ ಬೆಟ್ಟದಪುರದ ಬೆಟ್ಟವನ್ನು ಇಂದಿಗೂ ಜನ ಹತ್ತುತ್ತಾರೆ. ಆದರೆ ಆ ಬೆಟ್ಟಕ್ಕೆ ಮೆಟ್ಟಿಲು ಕಡಿದವರ ಪಟ್ಟಿ ಎಲ್ಲೂ ಇಲ್ಲ. ಕೆರೆಗೆ ಮಣ್ಣು ಹೊತ್ತವರಲ್ಲಿ ಇಂದಿನ ಅಚ್ಚುಕಟ್ಟುದಾರರ ಪೂರ್ವಿಕರೆಷ್ಟು, ಬೇರೆಯವರೆಷ್ಟು? ತೂಬು ಎತ್ತಿ ಇಳಿಸಿ ಎಲ್ಲರ ಗದ್ದೆಗೂ ನೀರು ಹಂಚಿದ ನೀರ್ಗಂಟಿಯ ಮನೆಗೆ ಆ ಗದ್ದೆಗಳಲ್ಲಿ ಒಂದು ಗುಂಟೆಯಾದರೂ ಇತ್ತೇ? ಗದ್ದೆಯನ್ನು ಅನುಭವಿಸುವವನು ತನ್ನ ಮುತ್ತಾತನಿಗೆ ಮಾತ್ರ ಋಣಿ ಎನ್ನುವುದಾದರೆ ಆ ಲೆಕ್ಕದಲ್ಲಿ ಎಲ್ಲೋ ಕಳವು ನಡೆದಿದೆ.

ಇಲ್ಲಿ ಒಂದು ಬಲವಾದ ಆಕ್ಷೇಪ ಏಳುತ್ತದೆ. ಹೆಸರು ಬೇಡ ಎನ್ನುವುದು ಹೆಸರಿರುವವರಿಗೆ ಸುಲಭ. ಉಳ್ಳವರ ವಂಶ ಪಹಣಿಯಲ್ಲಿ, ಶಾಸನದಲ್ಲಿ, ಮಠದ ಕಡತದಲ್ಲಿ ಹೇಗೂ ಉಳಿಯುತ್ತದೆ. ಇಲ್ಲದವರು ತಮ್ಮ ಹಿಂದಿನವರನ್ನು ಹೆಸರಿಸಲಾಗದೆ ನೆಲ ಕಳೆದುಕೊಳ್ಳುತ್ತಾರೆ. ಅವರಿಗೆ ವಂಶದ ಚರಿತ್ರೆಯೇ ಆಯುಧ, ಅದನ್ನು ತಾತ್ವಿಕ ಮಾತಿನಿಂದ ಮೊಂಡು ಮಾಡಬಾರದು. ಈ ಆಕ್ಷೇಪವನ್ನು ನಾನು ಹಗುರವಾಗಿ ತಳ್ಳಿಹಾಕಲಾರೆ. ಆದರೆ ನೆಲದ ನ್ಯಾಯ ನಿಜವಾಗಿ ದೊರೆತ ಸಂದರ್ಭಗಳಲ್ಲಿ ಯಾವ ಸಾಕ್ಷ್ಯ ಕೆಲಸಕ್ಕೆ ಬಂತು ಎಂದು ನೋಡಬೇಕು. ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯ ದೇವರಾಜ ಅರಸು ಮುಖ್ಯಮಂತ್ರಿಯಾಗಿದ್ದಾಗ ತಿದ್ದುಪಡಿಯಾದ ಭೂಸುಧಾರಣಾ ಕಾಯ್ದೆ 1974ರ ಮಾರ್ಚ್ 1ರಿಂದ ಜಾರಿಗೆ ಬಂತು. ಉಳುವ ಹೊಲದ ಹಕ್ಕು ಕೇಳುವ ನಮೂನೆ 7 ತುಂಬಿ ನ್ಯಾಯಮಂಡಳಿಯ ಮುಂದೆ ನಿಂತ ಗೇಣಿದಾರನನ್ನು ಕೇಳಿದ ಮುಖ್ಯ ಪ್ರಶ್ನೆ ನೀನು ಯಾರ ಮಗ ಎಂಬುದಲ್ಲ. ಆ ದಿನಕ್ಕೆ ಮುಂಚೆ ಆ ಹೊಲವನ್ನು ಉಳುತ್ತಿದ್ದವನು ಯಾರು ಎಂಬುದು. ವಂಶದ ಕಾಗದವೆಲ್ಲ ಇದ್ದದ್ದು ಒಡೆಯನ ಕೈಯಲ್ಲಿ, ಗೇಣಿದಾರನ ಪರವಾಗಿ ಇದ್ದದ್ದು ಅವನ ದುಡಿಮೆ ಮತ್ತು ಅದನ್ನು ಕಂಡ ನೆರೆಹೊಲದವರ ಮಾತು. 2006ರ ಅರಣ್ಯ ಹಕ್ಕು ಕಾಯ್ದೆಯಲ್ಲೂ ಇಂಥದೇ ಒಂದು ಸಂಗತಿಯಿದೆ. ಬುಡಕಟ್ಟಿಗೆ ಸೇರದ ಪಾರಂಪರಿಕ ಅರಣ್ಯವಾಸಿಗಳು 2005ರ ಡಿಸೆಂಬರ್ 13ಕ್ಕೆ ಮುಂಚೆ ಮೂರು ತಲೆಮಾರು, ಅಂದರೆ 75 ವರ್ಷ, ಕಾಡಿನಲ್ಲಿ ನೆಲೆಸಿದ್ದನ್ನು ತೋರಿಸಬೇಕು. ಶ್ರಾದ್ಧದ ಹಾಗೆ ಕಾನೂನೂ ಮೂರಕ್ಕೇ ನಿಂತಿದೆ; ಕಾಕತಾಳೀಯವೇ ಇರಬಹುದು, ಆದರೂ ಮನುಷ್ಯನ ನೆನಪಿನ ಉದ್ದ ಅಷ್ಟೇ ಎಂದು ಎರಡೂ ಊಹಿಸಿದಂತಿದೆ. ಆ ಕಾಯ್ದೆಯ ನಿಯಮಗಳು ಹಳೆಯ ದಾಖಲೆಗೆ ಹೊಂದುವ ವಂಶಾವಳಿಯನ್ನು ಒಂದು ಸಾಕ್ಷ್ಯವೆಂದು ಒಪ್ಪುತ್ತವೆ ನಿಜ. ಜೊತೆಗೆ ಹಿರಿಯರ ಬಾಯಿಮಾತು, ಬಾವಿ, ದೇವರ ಮರ, ಸುಡುಗಾಡು, ಹೂಳುವ ಜಾಗ ಇವನ್ನೂ ಒಪ್ಪುತ್ತವೆ. ನೆಲ ಕಳೆದುಕೊಂಡವರನ್ನೇ ನೋಡಿ: ಕಬಿನಿ ಜಲಾಶಯ ತುಂಬಿದಾಗ ಎಚ್.ಡಿ. ಕೋಟೆಯ ಹಳ್ಳಿಗಳು ಮುಳುಗಿದವು. ನಾಗರಹೊಳೆಯ ಕಾಡಿನಿಂದ ಜೇನುಕುರುಬರು ಹೊರಬಿದ್ದರು. ತಮ್ಮ ಹಿರಿಯರು ಕಾಡಿನಲ್ಲೇ ಇದ್ದಾರೆ ಎಂದು ಜೇನುಕುರುಬರು ಹೇಳುವಾಗ ಅವರು ಒಂದು ಪಟ್ಟಿಯನ್ನು ಓದುತ್ತಿಲ್ಲ, ಒಂದು ಜಾಗವನ್ನು ತೋರಿಸುತ್ತಿದ್ದಾರೆ. ಹೆಸರು ಆಯುಧ ಎಂಬುದನ್ನು ಒಪ್ಪೋಣ. ಆದರೆ ಬಡವನ ಕೈಯಲ್ಲಿ ಅದಕ್ಕಿಂತ ಗಟ್ಟಿಯಾಗಿ ನಿಲ್ಲುವುದು ದುಡಿಮೆಯ ಗುರುತು ಮತ್ತು ಹೂತ ನೆಲ. ಹಾಗಾಗಿ ಈ ಆಕ್ಷೇಪ ನನ್ನ ವಾದವನ್ನು ಮುರಿಯುವ ಬದಲು ಅದಕ್ಕೇ ಒತ್ತು ಕೊಡುತ್ತದೆ.

ರಕ್ತವನ್ನೇ ಆಧಾರ ಮಾಡಿಕೊಂಡ ವಾದದ ಅತಿ ಪ್ರಸಿದ್ಧ ರೂಪ ಭಗವದ್ಗೀತೆಯ ಮೊದಲ ಅಧ್ಯಾಯದಲ್ಲಿದೆ. ಕುಲ ಕೆಟ್ಟರೆ ಸಂಕರವಾಗುತ್ತದೆ, ಪಿಂಡೋದಕ ನಿಂತು ಪಿತೃಗಳು ಬೀಳುತ್ತಾರೆ ಎಂದು ಹೇಳುವವನು ಅರ್ಜುನ, ಅದೂ ಎದೆಗುಂದಿದ ಹೊತ್ತಿನಲ್ಲಿ. ಮುಂದಿನ ಹದಿನೇಳು ಅಧ್ಯಾಯಗಳಲ್ಲಿ ಕೃಷ್ಣ ಏನೇನನ್ನೋ ಹೇಳುತ್ತಾನೆ, ನಿನ್ನ ಪಿತೃಗಳಿಗೆ ನೀರು ತಪ್ಪದು ಎಂಬ ಭರವಸೆಯನ್ನು ಮಾತ್ರ ಕೊಡುವುದಿಲ್ಲ. ಕನ್ನಡದಲ್ಲಿ ಈ ಪ್ರಶ್ನೆಯನ್ನು ಎಸ್.ಎಲ್. ಭೈರಪ್ಪನವರ ‘ವಂಶವೃಕ್ಷ’ (1965) ಎದುರಿಗಿಟ್ಟುಕೊಂಡಿತು. ನಂಜನಗೂಡಿನ ಶ್ರೀನಿವಾಸ ಶ್ರೋತ್ರಿಗಳಿಗೆ ತಾವು ಅಪ್ಪನೆಂದು ತಿಳಿದವನು ತಮ್ಮನ್ನು ಹುಟ್ಟಿಸಿದವನಲ್ಲ ಎಂಬುದು ಇಳಿವಯಸ್ಸಿನಲ್ಲಿ ಗೊತ್ತಾಗುತ್ತದೆ. ಹಾಗಾದರೆ ಅಂಥ ಮಗ ಬಿಟ್ಟ ತರ್ಪಣ ಯಾರಿಗೆ ಸೇರಿತು? ರಕ್ತವೇ ದಾರಿಯಾದರೆ ಅದು ವಿಳಾಸ ತಪ್ಪಿದ ನೀರು. ಮನೆ, ಅನ್ನ, ವಿದ್ಯೆ ಕೊಟ್ಟವರಿಗೆ ಸಲ್ಲುವುದು ಎಂದಾದರೆ ಅದು ಸೇರಬೇಕಾದಲ್ಲಿಗೇ ಸೇರಿತು. ಕಾದಂಬರಿಕಾರರ ತೀರ್ಮಾನ ಏನೇ ಇರಲಿ, ನನಗೆ ಎರಡನೆಯದೇ ಸರಿಯೆನಿಸುತ್ತದೆ. ಇದಕ್ಕೆ ಬೆಂಬಲ ದೂರದಲ್ಲೇನೂ ಇಲ್ಲ. ಹನ್ನೆರಡನೆಯ ಶತಮಾನದ ಶರಣರು ಜನನದ ಮೈಲಿಗೆ, ಸಾವಿನ ಮೈಲಿಗೆ ಎರಡನ್ನೂ ತಳ್ಳಿಹಾಕಿ ಹುಟ್ಟಿಗೆ ಹಕ್ಕೇ ಇಲ್ಲದ ಸಂಬಂಧಗಳನ್ನು ಕಟ್ಟಿದರು. ರಾವಂದೂರಿನಲ್ಲಿ ಒಂದು ಮುರುಘಾಮಠ ಇದೆ. ಮಠದ ಪರಂಪರೆ ಗುರುವಿನಿಂದ ಶಿಷ್ಯನಿಗೆ ಇಳಿಯುತ್ತದೆ. ಹಿಂದಿನವರ ಗದ್ದುಗೆಗೆ ಪೂಜೆ ಮಾಡುವವರಲ್ಲಿ ಯಾರೂ ಅವರ ಮಗನಲ್ಲ. ಆದರೂ ಅಲ್ಲಿ ಹಿರಿಯರ ಋಣ ಇಲ್ಲವೆಂದು ಯಾರು ಹೇಳುತ್ತಾರೆ?

ಇನ್ನೊಂದು ಆಕ್ಷೇಪ ಇದಕ್ಕಿಂತ ಹಳೆಯದು, ಮೊನಚಾದದ್ದು. ಸತ್ತವರು ಸತ್ತರು, ಇಲ್ಲದವರಿಗೆ ಎಂಥ ಋಣ? ಇಲ್ಲಿ ಬಡಿಸಿದ ಅನ್ನ ಪರಲೋಕದವರ ಹೊಟ್ಟೆ ತುಂಬಿಸುವುದಾದರೆ ದೂರ ಊರಿಗೆ ಹೊರಟವನು ಬುತ್ತಿ ಕಟ್ಟಿಕೊಳ್ಳುವುದೇಕೆ ಎಂದು ಚಾರ್ವಾಕರು ನಕ್ಕದ್ದನ್ನು ವಿಜಯನಗರದ ಕಾಲದ ಮಾಧವಾಚಾರ್ಯರ ‘ಸರ್ವದರ್ಶನಸಂಗ್ರಹ’ ದಾಖಲಿಸಿದೆ. ಪುನರ್ಜನ್ಮ ನಂಬುವವರಿಗೂ ಇದೇ ತೊಡಕು ಬೇರೆ ರೂಪದಲ್ಲಿ ಬರುತ್ತದೆ. ಪಿರಿಯಾಪಟ್ಟಣ ತಾಲ್ಲೂಕಿನ ಬೈಲುಕುಪ್ಪೆಯಲ್ಲಿ 1960ರ ದಶಕದ ಆರಂಭದಿಂದ ನೆಲೆಸಿರುವ ಟಿಬೆಟನ್ನರ ಪ್ರಕಾರ ಸತ್ತ ಜೀವ ಹೆಚ್ಚೆಂದರೆ 49 ದಿನಗಳಲ್ಲಿ ಮತ್ತೊಂದು ಹುಟ್ಟು ಪಡೆಯುತ್ತದೆ. ಹಾಗಾದರೆ ಮುತ್ತಾತ ಈಗ ಎಲ್ಲೋ ಬೇರೆ ಮನೆಯ ಮಗು, ಎಡೆ ಇಟ್ಟರೆ ಉಣ್ಣುವವರಾರು? ಚಾರ್ವಾಕರ ಮಾತಿನಲ್ಲಿ ಅರ್ಧ ಸತ್ಯವಿದೆ, ಅದನ್ನು ಒಪ್ಪಿಕೊಂಡೇ ಮುಂದೆ ಹೋಗಬೇಕು. ಸತ್ತವರಿಗೆ ನಾವು ಏನನ್ನೂ ತಲುಪಿಸಲಾರೆವು ಎಂದೇ ಇಟ್ಟುಕೊಳ್ಳೋಣ. ಆದರೆ ಸಾಲ ಕೊಟ್ಟವನಿಗೇ ಹಿಂದಕ್ಕೆ ಕೊಟ್ಟರೆ ಮಾತ್ರ ಸಾಲ ತೀರುತ್ತದೆ ಎಂಬುದು ವ್ಯಾಪಾರದ ನಿಯಮ. ಪಿತೃಋಣಕ್ಕೆ ಆ ನಿಯಮ ಮೊದಲಿನಿಂದಲೂ ಹೊಂದುವುದಿಲ್ಲ. ಪಿತೃಗಳ ಋಣ ಸಂತಾನದಿಂದ ತೀರುತ್ತದೆ ಎಂದಾಗ ವೇದವೇ ಅದನ್ನು ಮುಂದಿನವರ ಕಡೆಗೆ ತಿರುಗಿಸಿಬಿಟ್ಟಿತು. ಪಡೆದದ್ದನ್ನು ಕೆಡಿಸದೆ ಮುಂದಕ್ಕೆ ಕೊಡುವುದೇ ಇಲ್ಲಿ ತೀರುವಳಿ, ಮಕ್ಕಳಿಲ್ಲದವರಿಗೂ ಆ ದಾರಿ ತೆರೆದೇ ಇದೆ. ಹೀಗೆ ಓದಿದರೆ ಎಡೆಗಿಂತ ಕಷ್ಟದ ಲೆಕ್ಕವೊಂದು ನಮ್ಮ ಮುಂದೆ ನಿಲ್ಲುತ್ತದೆ. ಒಂದು ಬ್ಯಾರನ್ ಸೊಪ್ಪು ಬೇಯಿಸಲು ಎಷ್ಟು ಸೌದೆ ಉರಿಯಿತು, ಅದಕ್ಕೆ ಬಿದ್ದ ಮರ ಯಾರು ನೆಟ್ಟದ್ದು, ಆ ಜಾಗದಲ್ಲಿ ನಾವು ಏನು ನೆಟ್ಟೆವು? 1976ರಲ್ಲಿ ತಂಬಾಕು ಮಂಡಳಿ ಬಂದ ಮೇಲೆ ಬ್ಯಾರನ್‌ಗೆ ಲೈಸೆನ್ಸ್, ಹರಾಜು, ಬೇಲುಗಳ ತೂಕ ಎಲ್ಲಕ್ಕೂ ಲೆಕ್ಕ ಬಂತು. ಮರದ ಈ ಲೆಕ್ಕವೊಂದು ಮಾತ್ರ ಯಾರ ಪುಸ್ತಕದಲ್ಲೂ ಇಲ್ಲ.

ಕೊನೆಯ ಆಕ್ಷೇಪವೇ ನನ್ನನ್ನು ಹೆಚ್ಚು ಕಾಡುವುದು. ಎಲ್ಲರಿಗೂ ಋಣಿ ಎನ್ನುವವನು ಯಾರಿಗೂ ಏನೂ ಕೊಡದೆ ತಪ್ಪಿಸಿಕೊಳ್ಳುತ್ತಾನೆ. ತಾತನಿಗೆ ಎಡೆ ಇಡಬೇಕು ಎಂಬ ಕಟ್ಟಳೆ ಇದ್ದರೆ ಕನಿಷ್ಠ ಒಂದು ಎಲೆಯಾದರೂ ಬೀಳುತ್ತದೆ. ಕೆರೆ ಕಟ್ಟಿದವರೆಲ್ಲರೂ ನನ್ನ ಹಿರಿಯರೇ ಎಂದು ಉದಾರವಾಗಿ ಹೇಳಿಬಿಟ್ಟರೆ ಎಲೆಯೂ ಇಲ್ಲ, ಕೆರೆಯ ಹೂಳೂ ತೆಗೆಯುವುದಿಲ್ಲ. ಇದು ನಿಜ. ಅದಕ್ಕೇ ನಾನು ಋಣವನ್ನು ಮನುಷ್ಯಕುಲಕ್ಕೆಲ್ಲ ಹರಡುತ್ತಿಲ್ಲ, ಕೈಯಲ್ಲಿರುವ ವಸ್ತುವಿಗೆ ಕಟ್ಟಿಹಾಕುತ್ತಿದ್ದೇನೆ. ಯಾರ ಕೈಗೆ ಯಾವ ಹೊಲ, ಯಾವ ಬಾವಿ, ಯಾವ ಕಸುಬು ಬಂದಿದೆಯೋ ಅವರಿಗೆ ಅದರ ಹಿಂದಿರುವವರ ಹೊಣೆ. ಅದು ರಕ್ತಕ್ಕಿಂತ ಅಸ್ಪಷ್ಟವೇನಲ್ಲ, ಸರ್ವೆ ನಂಬರು ಹಿಡಿದು ಹೇಳಬಹುದಾದಷ್ಟು ಸ್ಪಷ್ಟ. ಹೀಗಾದಾಗ ಎಡೆಯೂ ನಿಲ್ಲಬೇಕಿಲ್ಲ. ತಾತನ ಹೆಸರಿನ ಎಲೆಯ ಪಕ್ಕದಲ್ಲಿ ಹಿರೀಕರಿಗೆಂದು ಇಡುವ ಎಲೆ ಇದೆಯಲ್ಲ, ಅದರ ಅರ್ಥ ಹಿಗ್ಗುತ್ತದೆ ಅಷ್ಟೇ.

ಹಿಗ್ಗಿದ ಅರ್ಥ ಎಲ್ಲಿ ಕಚ್ಚುತ್ತದೆ ಎಂಬುದಕ್ಕೆ ನಾಡಕಚೇರಿಗೆ ಹೋಗಬೇಕು. ನಮ್ಮ ಕಡೆಯ ಬಹುಪಾಲು ಮನೆಗಳ ವಂಶದ ಚರಿತ್ರೆ ಬರಹಕ್ಕೆ ಇಳಿಯುವುದು ಒಂದೇ ಒಂದು ಸಲ: ಯಜಮಾನ ಸತ್ತು ಪೌತಿ ಖಾತೆ ಆಗಬೇಕಾದಾಗ. ಆಗ ವಂಶವೃಕ್ಷ ಬೇಕು, ಅದರಲ್ಲಿ ಹೆಣ್ಣುಮಕ್ಕಳ ಹೆಸರೂ ಬರಬೇಕು. ಕರ್ನಾಟಕ 1994ರಲ್ಲಿ, ಕೇಂದ್ರ 2005ರಲ್ಲಿ ಹಿಂದೂ ಉತ್ತರಾಧಿಕಾರ ಕಾಯ್ದೆಯನ್ನು ತಿದ್ದಿ ಮಗಳಿಗೂ ಪಿತ್ರಾರ್ಜಿತದಲ್ಲಿ ಹುಟ್ಟಿನಿಂದ ಬರುವ ಹಕ್ಕು ಕೊಟ್ಟವು. ಹಾಗಾಗಿ ಹೆಳವರ ಬಾಯಿಗೆ ಬಾರದಿದ್ದ ಹೆಸರುಗಳು ಈ ಕಾಗದಕ್ಕೆ ಬರುತ್ತವೆ. ಬಂದ ಬೆನ್ನಲ್ಲೇ, ಎಷ್ಟೋ ಮನೆಗಳಲ್ಲಿ, ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿ, ಅರಿಶಿನ ಕುಂಕುಮಕ್ಕೆಂದು ಒಂದಿಷ್ಟು ಕೊಟ್ಟು ಅವರನ್ನು ಕಳಿಸಿಕೊಡುತ್ತಾರೆ. ಎಡೆ ಇಡುವವನು ಗಂಡುಮಗ, ಆದ್ದರಿಂದ ಆಸ್ತಿಯೂ ಅವನದೇ ಎಂಬ ಸಮರ್ಥನೆ ಇದರ ಹಿಂದಿದೆ, ಅದಕ್ಕೆ ಧರ್ಮಶಾಸ್ತ್ರದ ಬಲವೂ ಇದೆ: ಪಿಂಡ ಕೊಡುವವನಿಗೇ ದಾಯ. ಆದರೆ ಋಣ ರಕ್ತದ ಹಿಂದೆ ಹೋಗದೆ ಕೈಗೆ ಬಂದ ವಸ್ತುವಿನ ಹಿಂದೆ ಹೋಗುವುದಾದರೆ ಈ ತರ್ಕ ತಲೆಕೆಳಗಾಗುತ್ತದೆ. ಪಾಲು ಪಡೆದ ಮಗಳಿಗೆ ಅಪ್ಪನ ಎಡೆಯ ಹೊಣೆಯೂ ಇದೆ, ಅದನ್ನು ಇಡುವ ಅಧಿಕಾರವೂ ಇದೆ. ಸೊಪ್ಪು ಕಟ್ಟಿ, ಕಳೆ ಕಿತ್ತು ಆ ಹೊಲವನ್ನು ಹೊಲವಾಗಿ ಉಳಿಸಿ, ಆಮೇಲೆ ಪಾಲು ಬಿಟ್ಟುಕೊಟ್ಟು ಹೋದವಳ ವಿಷಯದಲ್ಲಿ ಅಣ್ಣತಮ್ಮಂದಿರು ಸಾಲಗಾರರು, ಅವಳು ಸಾಯುವವರೆಗೆ ಕಾದು ಪಕ್ಷದಲ್ಲಿ ಎಲೆ ಹಾಕಿದರೆ ತೀರುವ ಸಾಲವೂ ಅದಲ್ಲ.